ಅಪ್‌ಡೇಟ್: ರೆಡ್ ಯೀಸ್ಟ್ ರೈಸ್ ಕ್ಯಾಪ್ಸೂಲ್ ಮತ್ತು ತೊಡೆ ನೋವು
ಕೊಲೆಸ್ಟ್ರಾಲ್‌ಗೆ ಅಂತ ರೆಡ್ ಯೀಸ್ಟ್ ರೈಸ್ ಕ್ಯಾಪ್ಸೂಲ್ ಟ್ರೈ ಮಾಡ್ತಿದೀನಿ, ತೊಡೆ ಮೀನಖಂಡ ಎಲ್ಲಾ ಹಿಡ್ಕೊಂಡು ಮೆಟ್ಲು ಹತ್ತೋಕಾಗ್ತಿಲ್ಲ, ಇದ್ರಿಂದಾನೇ ಇರ್ಬೋದಾ ಅಂತ ಕೇಳಿದ್ನಲ್ಲ, ಡಾಕ್ಟ್ರ ಹತ್ರ ಹೋಗ್ಬಂದೆ. ಡಬ್ಬಿ ನೋಡ್ತಿದ್ದಂಗೆ ಮೊದ್ಲು ನಿಲ್ಸಿ ಅಂದ್ರು. ಇದ್ರಲ್ಲಿರೋ ಮೊನಾಕೋಲಿನ್ ಕೆ, ಲೋವಾಸ್ಟಾಟಿನ್ ಮಾತ್ರೆ (ಸ್ಟಾಟಿನ್ ಅನ್ನೋ ಕೊಲೆಸ್ಟ್ರಾಲ್ ಇಳ್ಸೋ ಔಷಧಿಗಳಲ್ಲೊಂದು) ಎರಡೂ ಒಂದೇ ಕೆಮಿಕಲ್ ಅಂತೆ, ಹಾಗಾಗಿ ಸ್ಟಾಟಿನ್‌ಗೆ ಬರೋ ಮಸಲ್ ನೋವು ಇದಕ್ಕೂ ಬರ್ಬೋದು, ಡಬ್ಬಿ ಮೇಲೆ ನ್ಯಾಚುರಲ್ ಅಂತ ಮಾತ್ರ ದಪ್ಪಕ್ಷರದಲ್ಲಿದೆ, ಮೊನಾಕೋಲಿನ್ ಎಷ್ಟು ಮಿಲಿಗ್ರಾಂ ಇದೆ ಅಂತ ಎಲ್ಲೂ ಇಲ್ಲ! ಯುರೋಪಲ್ಲಿ 2022ರಿಂದ ದಿನಕ್ಕೆ 3 ಮಿ.ಗ್ರಾಂಗಿಂತ ಕಮ್ಮಿನೇ ಇರ್ಬೇಕು ಅಂತ ರೂಲ್ ಇದೆ. ಸಿಕೆ ಬ್ಲಡ್ ಟೆಸ್ಟ್ (ಮಸಲ್‌ಗೆ ಪೆಟ್ಟಾಗಿದ್ಯಾ ಅಂತ ನೋಡೋದು) ಸ್ವಲ್ಪ ಜಾಸ್ತಿ ಬಂತು, ಕಿಡ್ನಿ ನಾರ್ಮಲ್. ನೋವು ಇಳೀತಿದೆ, ಪೂರ್ತಿ ಹೋಗಿಲ್ಲ. ಮೂತ್ರ ಕೋಲಾ ಬಣ್ಣ ಬಂದ್ರೆ ಸೀದಾ ಎಮರ್ಜೆನ್ಸಿಗೆ ಬನ್ನಿ ಅಂದಿದಾರೆ.