ಬ್ಯಾಕ್ಟೀರಿಯಾ ಸಾಯುತ್ತದೆ, ನಮ್ಮ ಕೋಶ ಯಾಕೆ ಸಾಯಲ್ಲ?

ಬನಶಂಕರಿ ಬಿಎಸ್ಸಿ: ಅಪ್ಪನಿಗೆ ಶುಗರ್. ಹಿಮ್ಮಡಿ ಗಾಯ ಒಣಗುತ್ತಲೇ ಇಲ್ಲ. ಡ್ರೆಸ್ಸಿಂಗ್ ನಾನೇ ಮಾಡುತ್ತೇನೆ, ಬಟ್ಟೆ ಬಿಚ್ಚುವಾಗ ಹೊಸ ಚರ್ಮವೂ ಕಿತ್ತು ಬರುತ್ತದೆ. ತಾನಾಗಿಯೇ ಜೋಡಿಸಿಕೊಳ್ಳುವ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ) ಜೆಲ್ ಬಗ್ಗೆ ಕ್ಲಾಸಲ್ಲಿ ಕೇಳಿದೆ. ಅದು ಬ್ಯಾಕ್ಟೀರಿಯಾ ಕೊಂದು ನಮ್ಮ ಕೋಶ ಮಾತ್ರ ಬಿಡುವುದು ಹೇಗೆ?

ಯಶವಂತಪುರದ ಲ್ಯಾಬ್ ಅಕ್ಕ: ಎಲ್ಲಾ ಚಾರ್ಜ್ ಆಟ ಮಾರಾಯ. ಮ್ಯಾಕ್ಸ್1 ಅನ್ನೋ ಪೆಪ್ಟೈಡ್ ನೋಡು. 20 ಅಮೈನೋ ಆಮ್ಲ, ಬಹುಪಾಲು ವ್ಯಾಲಿನ್, ಲೈಸಿನ್ ಒಂದಾದ ಮೇಲೊಂದು. ದ್ರಾವಣಕ್ಕೆ ಉಪ್ಪು ಬಿದ್ದರೆ ಹೇರ್‌ಪಿನ್ ತರಹ ಮಡಚಿಕೊಂಡು, ಎಳೆಎಳೆಯಾಗಿ ಸೇರಿ ಜೆಲ್ ಆಗುತ್ತದೆ. ಲೈಸಿನ್‌ನಿಂದ ಮೈಯೆಲ್ಲ ಪಾಸಿಟಿವ್. ಬ್ಯಾಕ್ಟೀರಿಯಾದ ಹೊರಮೈ ಜಾಸ್ತಿ ನೆಗೆಟಿವ್, ತಾಗಿದರೆ ಪೊರೆ ಹರಿಯುತ್ತದೆ. ನಮ್ಮ ಕೋಶದ ಪೊರೆಯ ಹೊರಪದರ ಹೆಚ್ಚುಕಮ್ಮಿ ನ್ಯೂಟ್ರಲ್, ಬಚಾವ್. 2007ರಲ್ಲೇ ಡೆಲವೇರ್ ವಿಶ್ವವಿದ್ಯಾಲಯದವರು ಇದನ್ನು ತೋರಿಸಿದ್ದಾರೆ.

ಬನಶಂಕರಿ ಬಿಎಸ್ಸಿ: ರಾಡಾ16 ಅನ್ನೋ ಇನ್ನೊಂದು ಜೆಲ್ ಪೆಪ್ಟೈಡ್ ಕೂಡ ಹಾಗೇನಾ?

ಲ್ಯಾಬ್ ಅಕ್ಕ: ಇಲ್ಲ. ಅದರಲ್ಲಿ ಪಾಸಿಟಿವ್ ಆರ್ಜಿನಿನ್, ನೆಗೆಟಿವ್ ಆಸ್ಪಾರ್ಟಿಕ್ ಆಮ್ಲ ಸಮಸಮ. ಕೋಶ ಬೆಳೆಸೋಕೆ ಸೊಗಸಾದ ಹಂದರ. ಕೊಲ್ಲುವ ಕೆಲಸಕ್ಕೆ ಬೇರೆ ತುಣುಕು ಜೋಡಿಸಬೇಕು.

ಜಯನಗರದ ನರ್ಸ್: ಸುಮ್ನೆ ಆನ್‌ಲೈನಲ್ಲಿ ಲ್ಯಾಬ್ ಪೌಡರ್ ತರಿಸಿ ಹಚ್ಚಬೇಡಪ್ಪಾ! ಬಟ್ಟೆ ಬಿಚ್ಚುವ ಮುಂಚೆ ಸಲೈನ್ ಹಾಕಿ ನೆನೆಸು. ಅಂಟದ ಡ್ರೆಸ್ಸಿಂಗ್ ಕೇಳು. ಹಿಮ್ಮಡಿ ಮೇಲೆ ಭಾರ ಬೀಳದ ಹಾಗೆ ನೋಡಿಕೋ. ಡಾಕ್ಟರಿಗೆ ಕಾಲಿನ ರಕ್ತ ಓಡಾಟ ತೋರಿಸಿದ್ದೀಯಾ?