ಕಾಲೇಜು ಓದುತ್ತಲೇ ಟೆರಿಟೋರಿಯಲ್ ಆರ್ಮಿ ಸೇರಬಹುದಾ?

ಪ್ರಶ್ನೆ (ವಿದ್ಯಾರ್ಥಿ, ಚಿಂಚವಡ):

ಕಾಕಾ, ನಮಸ್ಕಾರ. ಈ ವರ್ಷ ಎಫ್‌ವೈ (ಮೊದಲ ವರ್ಷದ) ಬಿಕಾಂ ಸೇರಿದ್ದೇನೆ. ವಯಸ್ಸು 18. ಊರು ಇಂಡಿ ತಾಲೂಕು, ಅಪ್ಪ ಭೋಸರಿಯಲ್ಲಿ ಕಂಪನಿ ಕೆಲಸ ಮಾಡುತ್ತಾರೆ. ಮಿಲ್ಟ್ರಿ ಸೇರಬೇಕು ಅಂತ ಚಿಕ್ಕಂದಿನಿಂದ ಆಸೆ, ಆದರೆ ಡಿಗ್ರಿ ಬಿಡಲು ಅಪ್ಪ ಒಪ್ಪುತ್ತಿಲ್ಲ. ಟಿಎ, ಅಂದರೆ ಟೆರಿಟೋರಿಯಲ್ ಆರ್ಮಿ ಅನ್ನುವ ಅರೆಕಾಲಿಕ ಸೈನ್ಯ ಸೇರಿದರೆ ಶನಿವಾರ ಭಾನುವಾರ ಟ್ರೇನಿಂಗ್, ಉಳಿದ ದಿನ ಕಾಲೇಜು, ಸಂಬಳವೂ ಬರುತ್ತದೆ ಅಂತ ಗೆಳೆಯ ಹೇಳುತ್ತಾನೆ. ಧೋನಿ ಕೂಡ ಕ್ರಿಕೆಟ್ ಆಡುತ್ತಲೇ ಟಿಎಯಲ್ಲಿ ಇದ್ದರಲ್ಲ? ಭರ್ತಿ ಬಂದರೆ ಹೋಗಲಾ?

ಉತ್ತರ (ನಿವೃತ್ತ ಸುಬೇದಾರ್, ದಿಘಿ):

ತಮ್ಮಾ, ನಿನ್ನ ಆಸೆ ದೊಡ್ಡದು. ಅದನ್ನು ಬಿಡಬೇಡ. ಆದರೆ ಗೆಳೆಯ ಅರ್ಧ ವಿಷಯ ಮಾತ್ರ ಹೇಳಿದ್ದಾನೆ.

ಮೊದಲು ಧೋನಿ ವಿಷಯ ಮುಗಿಸೋಣ. 2011ರಲ್ಲಿ ಅವರಿಗೆ ಕೊಟ್ಟದ್ದು ಗೌರವ ಲೆಫ್ಟಿನೆಂಟ್ ಕರ್ನಲ್ ಹುದ್ದೆ. 2019ರಲ್ಲಿ ತಮ್ಮ ಬೆಟಾಲಿಯನ್ ಜೊತೆ ಕಾಶ್ಮೀರದಲ್ಲಿ ಎರಡು ವಾರ ಇದ್ದು ಬಂದರು. ಮೆಚ್ಚುವ ಮಾತೇ. ಆದರೆ ಆ ದಾರಿ ನಿನಗೂ ನನಗೂ ಇಲ್ಲ.

ಟಿಎ ಕಾಯಿದೆ 1948ರದ್ದು. 1949ರ ಅಕ್ಟೋಬರ್ 9ರಂದು ಆಗಿನ ಗವರ್ನರ್ ಜನರಲ್ ರಾಜಾಜಿ ಟಿಎಯನ್ನು ಉದ್ಘಾಟಿಸಿದರು. ಅದರ ಹಿಂದಿನ ಯೋಚನೆ ಏನೆಂದರೆ, ಒಂದು ಕೆಲಸದಲ್ಲಿ ನೆಲೆ ನಿಂತ ಮನುಷ್ಯ ವರ್ಷದಲ್ಲಿ ಕೆಲವು ವಾರ ತರಬೇತಿ ಪಡೆಯಲಿ, ದೇಶಕ್ಕೆ ಬೇಕಾದಾಗ ಬರಲಿ. ನೆಲೆ ನಿಂತ ಮನುಷ್ಯ ಅನ್ನುವುದನ್ನು ನೆನಪಿಡು. ಆಫೀಸರ್ ಆಗಬೇಕಾದರೆ ಡಿಗ್ರಿ ಮುಗಿದಿರಬೇಕು, ಜೊತೆಗೆ ದುಡಿಮೆ ಇರಬೇಕು. ವಯಸ್ಸು 18ರಿಂದ 42. ಅಂದರೆ ಕಾಲೇಜಿನಲ್ಲಿ ಇರುವಾಗ ಆಫೀಸರ್ ಬಾಗಿಲು ನಿನಗೆ ತೆರೆಯುವುದೇ ಇಲ್ಲ. ಆ ಬಾಗಿಲಿಗೆ 42 ವರ್ಷದ ತನಕ ಸಮಯ ಇದೆ, ಅವಸರ ಯಾಕೆ?

ಉಳಿದದ್ದು ಜವಾನ್ ಭರ್ತಿ. ಹತ್ತನೇ ಪಾಸಾಗಿ ಒಟ್ಟು ಶೇ. 45 ಅಂಕ ಇದ್ದರೆ ನೀನು ರ‍್ಯಾಲಿಗೆ ಹೋಗಬಹುದು, ಓಡಬಹುದು, ಆಯ್ಕೆಯೂ ಆಗಬಹುದು. ತೊಂದರೆ ಶುರುವಾಗುವುದು ಆಮೇಲೆ. ಶನಿವಾರ ಭಾನುವಾರದ ಟ್ರೇನಿಂಗ್ ಅನ್ನುವುದು ನಗರ ಘಟಕಗಳಿಗೆ ಬರೆದಿಟ್ಟ ನಿಯಮ. ಪ್ರಾಂತೀಯ ಘಟಕಗಳಿಗೆ ವರ್ಷಕ್ಕೆ ಎರಡು ತಿಂಗಳು ಒಂದೇ ಸಮ ಕ್ಯಾಂಪ್. ಅದಕ್ಕಿಂತ ದೊಡ್ಡದು ಎಂಬಾಡಿಮೆಂಟ್. ಅಂದರೆ ಪಲ್ಟನ್ನನ್ನು ಪೂರ್ತಿ ಡ್ಯೂಟಿಗೆ ಕರೆಸುವುದು. ಕಾಶ್ಮೀರ, ಈಶಾನ್ಯ, ಎಲ್ಲಿ ಹೇಳುತ್ತಾರೋ ಅಲ್ಲಿ. ಒಮ್ಮೆ ಕರೆಸಿದರೆ ವರ್ಷಗಟ್ಟಲೆ ಅಲ್ಲೇ ಇರುವ ಜವಾನರು ಬಹಳ ಮಂದಿ. ಪಲ್ಟನ್ ಕಚೇರಿ ಪುಣೆಯಲ್ಲಿದೆ ಅಂದಮಾತ್ರಕ್ಕೆ ನಿನ್ನ ಡ್ಯೂಟಿಯೂ ಪುಣೆಯಲ್ಲಿ ಇರುತ್ತದೆ ಅಂತ ಎಣಿಸಬೇಡ.

ಇನ್ನು ಸಂಬಳ. ತರಬೇತಿಯಲ್ಲಿ, ಡ್ಯೂಟಿಯಲ್ಲಿ ಇರುವ ದಿನಗಳಿಗೆ ಮಾತ್ರ ಬರುತ್ತದೆ. ಮನೆಯಲ್ಲಿರುವ ದಿನಗಳಿಗೆ ಇಲ್ಲ.

ಈಗ ಹಾಜರಿ ನೋಡು. ಶೇ. 75 ಇಲ್ಲದಿದ್ದರೆ ಡಿಫಾಲ್ಟರ್ ಲಿಸ್ಟಿನಲ್ಲಿ ಹೆಸರು ಬರುತ್ತದೆ, ಟರ್ಮ್ ಗ್ರಾಂಟ್ (ಪರೀಕ್ಷೆಗೆ ಕೂರುವ ಒಪ್ಪಿಗೆ) ಸಿಗುವುದಿಲ್ಲ. ಟಿಎ ಕಾಯಿದೆಯ 7ಎ ಕಲಂ ನೌಕರಿ ಮಾಡುವವನನ್ನು ಕಾಪಾಡುತ್ತದೆ. ಸೇವೆ ಮುಗಿಸಿ ಬಂದವನನ್ನು ಮಾಲೀಕ ವಾಪಸ್ ಕೆಲಸಕ್ಕೆ ತೆಗೆದುಕೊಳ್ಳಬೇಕು. ವಿದ್ಯಾರ್ಥಿಯ ಹಾಜರಿಗೆ, ಪರೀಕ್ಷೆಗೆ ಅಂಥ ಆಸರೆ ಆ ಕಾಯಿದೆಯಲ್ಲಿ ಇಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ವಿಷಯ ಇದೇ. ನೌಕರಿ ಹಿಡಿದು ಟಿಎಗೆ ಹೋದರೆ ಬೆನ್ನ ಹಿಂದೆ ಕಾನೂನು ಇರುತ್ತದೆ. ಕಾಲೇಜು ಇಟ್ಟುಕೊಂಡು ಹೋದರೆ ಪ್ರಿನ್ಸಿಪಾಲರ ದಯೆ ಅಷ್ಟೇ.

ಹಾಗಾಗಿ ಈಗ ಎನ್‌ಸಿಸಿ ಸೇರು. ನೀನು ಎಫ್‌ವೈಯಲ್ಲೇ ಇದ್ದೀಯ, ಇದೇ ಸರಿಯಾದ ಸಮಯ. ಮೂರು ವರ್ಷದ ಕೋರ್ಸು. ಎರಡನೇ ವರ್ಷ ಬಿ ಸರ್ಟಿಫಿಕೇಟ್, ಮೂರನೇ ವರ್ಷ ಸಿ. ಎನ್‌ಸಿಸಿ ಕೆಡೆಟ್‌ಗೆ ಸೈನ್ಯ ಸೇರಲೇಬೇಕು ಅನ್ನುವ ಕಟ್ಟು ಇಲ್ಲ, ಗಡಿಗೆ ಯಾರೂ ಕರೆಸುವುದಿಲ್ಲ. ಸಿ ಸರ್ಟಿಫಿಕೇಟ್ ಇದ್ದರೆ ಅಗ್ನಿವೀರ್ (ನಾಲ್ಕು ವರ್ಷದ ಸೈನಿಕ ಭರ್ತಿ) ಪರೀಕ್ಷೆಯಲ್ಲಿ ಹೆಚ್ಚಿನ ಅಂಕ ಸಿಗುತ್ತದೆ. ಡಿಗ್ರಿಯಲ್ಲಿ ಶೇ. 50, ಸಿಯಲ್ಲಿ ಕನಿಷ್ಠ ಬಿ ಗ್ರೇಡ್ ಬಂದರೆ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಅರ್ಜಿ ಹಾಕಬಹುದು. ಲಿಖಿತ ಪರೀಕ್ಷೆ ಇಲ್ಲದೆ ಎಸ್‌ಎಸ್‌ಬಿಗೆ, ಅಂದರೆ ಸೈನ್ಯದ ಆಫೀಸರ್ ಆಯ್ಕೆಯ ಸಂದರ್ಶನಕ್ಕೆ, ಕರೆ ಬರುವ ದಾರಿ ಅದು.

ಇನ್ನೊಂದು ಮಾತು. ಭರ್ತಿ ಮಾಡಿಸುತ್ತೇನೆ ಅಂತ ದುಡ್ಡು ಕೇಳುವವರು ಬರುತ್ತಾರೆ. ನಮ್ಮ ಕಡೆಯ ಎಷ್ಟೋ ಮನೆಗಳು ಹೊಲ ಅಡವಿಟ್ಟು ಕೊಟ್ಟು ಅತ್ತಿವೆ. ಯಾರಿಗೂ ಒಂದು ರೂಪಾಯಿ ಕೊಡಬೇಡ. ಸೈನ್ಯದ ಭರ್ತಿಯಲ್ಲಿ ಏಜೆಂಟ್ ಅನ್ನುವವನೇ ಇಲ್ಲ.

ಪ್ರಶ್ನೆ (ಒಬ್ಬ ತಾಯಿ, ಹಡಪ್ಸರ್):

ಅಣ್ಣಾವ್ರೇ, ನಮ್ಮ ಮನೆ ಪರಿಸ್ಥಿತಿ ಬೇರೆ. ಯಜಮಾನರಿಗೆ ಆರೋಗ್ಯ ಸರಿಯಿಲ್ಲ, ಮಗ ಈಗಲೇ ದುಡಿಯಬೇಕು. ಎಸ್‌ವೈಗೆ (ಎರಡನೇ ವರ್ಷಕ್ಕೆ) ಬಂದಿದ್ದಾನೆ. ಅವನು ಟಿಎ ಜವಾನ್ ಆಗುತ್ತೇನೆ ಅನ್ನುತ್ತಾನೆ. ಹೋದರೆ ಓದು ಪೂರ್ತಿ ಹಾಳಾಗುತ್ತದಾ? ಯುದ್ಧ ಬಂದರೆ ನಿಜವಾಗಲೂ ಕರೆಸುತ್ತಾರಾ?

ಉತ್ತರ:

ತಂಗಿ, ಕರೆಸುತ್ತಾರೆ. ಸುಮ್ನೆ ಸಮಾಧಾನದ ಮಾತು ಹೇಳಲಾರೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಟಿಎ ನಿಯಮ 33ರ ಕೆಳಗೆ ಸೇನಾ ಮುಖ್ಯಸ್ಥರಿಗೆ ಅಧಿಕಾರ ಕೊಟ್ಟಿತು. 32 ಇನ್ಫೆಂಟ್ರಿ ಬೆಟಾಲಿಯನ್‌ಗಳಲ್ಲಿ 14ನ್ನು ಡ್ಯೂಟಿಗೆ ಕರೆಸಬಹುದು ಅಂತ ಆದೇಶ. 2028ರ ಫೆಬ್ರವರಿ 9ರ ತನಕ ಅದು ಜಾರಿಯಲ್ಲಿ ಇರುತ್ತದೆ. ಇದನ್ನು ತಿಳಿದು, ಮನೆಯವರೆಲ್ಲ ಕೂತು ಮಾತಾಡಿ ತೀರ್ಮಾನ ಮಾಡಿ.

ಓದು ಹಾಳಾಗಬೇಕಿಲ್ಲ. ಆದರೆ ರೆಗ್ಯುಲರ್ ಕಾಲೇಜು ಸಾಗುವುದಿಲ್ಲ. ಹುಡುಗ ಹೋಗುವುದೇ ಖರೆ ಅಂದರೆ ಅರ್ಧ ವರ್ಷದಲ್ಲಿ ಬಿಡುವುದು ಬೇಡ, ಕೈಯಲ್ಲಿರುವ ಸೆಮಿಸ್ಟರ್ ಪರೀಕ್ಷೆ ಬರೆದೇ ಹೋಗಲಿ. ಎಟಿಕೆಟಿ (ಹಿಂದೆ ಫೇಲಾದ ವಿಷಯ) ಉಳಿದಿದ್ದರೆ ಅದನ್ನೂ ಮುಗಿಸಲಿ. ಪಾಸಾದ ಕ್ರೆಡಿಟ್‌ಗಳು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅನ್ನುವ ಆನ್‌ಲೈನ್ ಖಾತೆಯಲ್ಲಿ 7 ವರ್ಷ ಉಳಿಯುತ್ತವೆ. ಅವನ ಖಾತೆ ಇದೆಯಾ, ಕ್ರೆಡಿಟ್‌ಗಳು ಅದರಲ್ಲಿ ಏರಿವೆಯಾ ಅಂತ ಕಾಲೇಜಿನ ಆಫೀಸಿನಲ್ಲಿ ಕೇಳಿ. ಆಮೇಲೆ ಮನೆಯಿಂದಲೇ ಓದಲು ಇಗ್ನೋ ಮುಕ್ತ ವಿಶ್ವವಿದ್ಯಾಲಯ ಇದೆ, ನಾಶಿಕದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯ ಇದೆ. ಪೋಸ್ಟಿನ ಮೇಲೆ ಇದ್ದುಕೊಂಡೇ ಪುಸ್ತಕ ಓದಿ, ರಜೆ ತೆಗೆದುಕೊಂಡು ಪರೀಕ್ಷೆ ಬರೆದ ಹುಡುಗರನ್ನು ನಾನು ನೋಡಿದ್ದೇನೆ. ಕಷ್ಟ ಇದೆ. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಅಕೌಂಟೆನ್ಸಿ ತಲೆಗೆ ಹತ್ತುವುದು ನಿಧಾನ. ಆದರೂ ಮಾಡುತ್ತಾರೆ.

ದುಡಿಮೆಯೇ ಮುಖ್ಯ, ವಯಸ್ಸಿನ ಮಿತಿ ದಾಟಿಲ್ಲ ಅಂದರೆ ಅಗ್ನಿವೀರ್ ಕೂಡ ನೋಡಿ. ನಾಲ್ಕು ವರ್ಷ ತಪ್ಪದೆ ತಿಂಗಳ ಸಂಬಳ, ಕೊನೆಗೆ ಸೇವಾನಿಧಿ ಅನ್ನುವ ಒಂದೇ ಗಂಟಿನ ಹಣ. ಟಿಎಯಲ್ಲಿ ಡ್ಯೂಟಿ ಇಲ್ಲದ ತಿಂಗಳು ಮನೆ ಹೇಗೆ ನಡೆಯಬೇಕು, ಅಲ್ವಾ? ನಾಲ್ಕು ವರ್ಷದ ಮೇಲೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ಶೇ. 25 ಮಂದಿಯನ್ನು. ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ (ವಿದ್ಯಾರ್ಥಿನಿ, ಡೊಂಬಿವಲಿ):

ಸರ್, ನಾನು ಟಿವೈ (ಮೂರನೇ ವರ್ಷದ) ಬಿಎ. ಈ ವರ್ಷ ಎನ್‌ಸಿಸಿ ಸಿ ಸರ್ಟಿಫಿಕೇಟ್ ಪರೀಕ್ಷೆ ಬರೆಯುತ್ತೇನೆ. ಮೊದಲು ಕೆಲಸ ಹಿಡಿದು, ಆಮೇಲೆ ಟಿಎ ಆಫೀಸರ್ ಆಗಬೇಕು ಅಂತ ಪ್ಲಾನ್. ಸರಿ ಇದೆಯಾ?

ಉತ್ತರ:

ಮಗಳೇ, ಪ್ಲಾನ್ ತಪ್ಪಿಲ್ಲ, ಆದರೆ ಕ್ರಮ ಬದಲಿಸು. ಟಿಎಯಲ್ಲಿ ಹೆಣ್ಣುಮಕ್ಕಳಿಗೆ ದಾರಿ ತೆರೆದದ್ದು 2018ರ ದಿಲ್ಲಿ ಹೈಕೋರ್ಟ್ ತೀರ್ಪಿನಿಂದ. ಸೀಟು ತೀರಾ ಕಡಿಮೆ. 2025ರ ಟಿಎ ಆಫೀಸರ್ ಪ್ರಕಟಣೆಯಲ್ಲಿ ಒಟ್ಟು 19 ಹುದ್ದೆ, ಅದರಲ್ಲಿ ಹೆಣ್ಣುಮಕ್ಕಳಿಗೆ ಒಂದೇ ಒಂದು. ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ವಯಸ್ಸಿನ ಮಿತಿ 25. ಅದು ಮೊದಲು ಮುಗಿದುಹೋಗುವ ಅವಕಾಶ. ಆದ್ದರಿಂದ ಮೊದಲು ಅದಕ್ಕೆ ಅರ್ಜಿ ಹಾಕು. ಫೈನಲ್ ಇಯರ್‌ನಲ್ಲಿ ಇರುವವರೂ ಹಾಕಬಹುದು. ಆಯ್ಕೆಯಾದರೆ ಚೆನ್ನೈ ಓಟಿಎಯಲ್ಲಿ (ಆಫೀಸರ್‌ಗಳ ತರಬೇತಿ ಅಕಾಡೆಮಿ) 49 ವಾರ ತರಬೇತಿ. ಆಗದಿದ್ದರೆ ಕೆಲಸ ಹಿಡಿ, ಟಿಎ ಪರೀಕ್ಷೆ ಆಮೇಲೂ ಬರೆಯಬಹುದು.

ಸಿ ಪರೀಕ್ಷೆಗೆ ಮ್ಯಾಪ್ ರೀಡಿಂಗ್ ಚೆನ್ನಾಗಿ ಮಾಡಿಕೊ. ಹುಡುಗರು ಹುಡುಗಿಯರು ಎಲ್ಲರೂ ಡ್ರಿಲ್‌ಗೆ ಜಾಸ್ತಿ ಬೆವರು ಸುರಿಸಿ, ಮ್ಯಾಪ್ ರೀಡಿಂಗ್‌ನಲ್ಲಿ ಅಂಕ ಕಳೆದುಕೊಳ್ಳುತ್ತಾರೆ.

ಪ್ರಶ್ನೆ (ಚಿಂಚವಡದ ವಿದ್ಯಾರ್ಥಿ, ಮತ್ತೆ):

ಕಾಕಾ, ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಎನ್‌ಸಿಸಿಗೆ ಒಪ್ಪಿದರು. ಕ್ಯಾಂಪಿಗೆ ಹೋದರೆ ಹಾಜರಿ ಏನಾಗುತ್ತದೆ? ನಾಳೆ ಕಾಲೇಜಿನಲ್ಲಿ ಯಾರನ್ನು ಕೇಳಲಿ?

ಉತ್ತರ:

ಭಾಳ ಚಲೋ ಆಯಿತು. ಕಾಲೇಜಿನ ಎನ್‌ಸಿಸಿ ನೋಡಿಕೊಳ್ಳುವ ಎಎನ್‌ಓ ಅಂತ ಒಬ್ಬ ಪ್ರೊಫೆಸರ್ ಇರುತ್ತಾರೆ, ಅವರನ್ನೇ ಕೇಳು. ವರ್ಷದ ಕ್ಯಾಂಪ್ ಸಾಮಾನ್ಯವಾಗಿ 10 ದಿನ. ಹೋಗುವ ಮೊದಲೇ ಅವರ ಸಹಿಯ ಪತ್ರವನ್ನು ಆಫೀಸಿಗೆ ಕೊಟ್ಟು, ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೊ. ಪರೇಡಿಗೂ ಶೇ. 75 ಹಾಜರಿ ಬೇಕು, ಇಲ್ಲದಿದ್ದರೆ ಸರ್ಟಿಫಿಕೇಟ್ ಪರೀಕ್ಷೆಗೆ ಕೂರಿಸುವುದಿಲ್ಲ. ಆಯ್ಕೆಯ ದಿನ ಓಡಿಸುತ್ತಾರೆ. ಇವತ್ತಿನಿಂದಲೇ ಬೆಳಗ್ಗೆ ಎದ್ದು 1.6 ಕಿಲೋಮೀಟರ್ ಓಡಲು ಶುರು ಮಾಡು.