ಬ್ಯಾಬಿಲೋನಿನವರ ‘ತಿಥಿ’: ಕನ್ನಡದಲ್ಲಿ ಈ ಪದ ಒಪ್ಪುವುದೇ?

ಪ್ರಾಚೀನ ಬ್ಯಾಬಿಲೋನಿನ ಖಗೋಳಗಣಿತವನ್ನು ಕುರಿತು ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿರುವಾಗ ಪದವೊಂದರ ಬಳಿ ಸಿಕ್ಕಿಕೊಂಡಿದ್ದೇನೆ. ಆ ಪದ ಪರಕೀಯವಲ್ಲ, ನಮ್ಮದೇ. ತೊಡಕು ಇರುವುದೂ ಅದರಲ್ಲಿಯೇ.

ಬ್ಯಾಬಿಲೋನ್ ಮತ್ತು ಉರುಕ್ ನಗರಗಳಲ್ಲಿ ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ಬೆಣೆಲಿಪಿಯಲ್ಲಿ ಬರೆದ ಗ್ರಹಗಣಿತದ ಜೇಡಿಮಣ್ಣಿನ ಫಲಕಗಳು, ಚಾಂದ್ರಮಾಸದ ಮೂವತ್ತನೆಯ ಒಂದು ಪಾಲನ್ನು ಕಾಲದ ಅಳತೆಯಾಗಿ ಬಳಸುತ್ತವೆ. ಅದಕ್ಕೆಂದು ಪ್ರತ್ಯೇಕ ಹೆಸರನ್ನು ಬರೆದವರು ಇಟ್ಟಿರಲಿಲ್ಲ. ‘ದಿನ’ ಎಂದೇ ಬರೆದು ಮುಂದೆ ಹೋಗಿದ್ದಾರೆ. 1955ರಲ್ಲಿ ಈ ಫಲಕಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ಆಟೋ ನಾಯ್ಗೆಬಾವರ್ ಅವರು, ಈ ಪಾಲಿಗೂ ನಿಜವಾದ ದಿನಕ್ಕೂ ಗೊಂದಲವಾಗದಂತೆ ಭಾರತದ ‘ತಿಥಿ’ ಎಂಬ ಪದವನ್ನು ಇದಕ್ಕೆ ಬಳಸಿದರು, ಮತ್ತು ಆ ಕ್ಷೇತ್ರದ ಇಂಗ್ಲಿಷ್ ಬರಹಗಳಲ್ಲಿ ಇಂದು ಅದೇ ರೂಢಿ. ಇಂಗ್ಲಿಷ್ ಓದುಗನಿಗೆ ಅದು ಹಿಂದೆಂದೂ ಕೇಳಿರದ ಪಾರಿಭಾಷಿಕ ಪದವಾದ್ದರಿಂದ ಲೇಖಕ ಹೇಳಿದಷ್ಟೇ ಅರ್ಥ ಅದಕ್ಕೆ ಅಂಟಿಕೊಳ್ಳುತ್ತದೆ. ಕನ್ನಡ ಓದುಗನ ಪಾಡು ಹಾಗಲ್ಲ. ‘ಬ್ಯಾಬಿಲೋನಿನ ತಿಥಿ’ ಎಂದು ಉಪಶೀರ್ಷಿಕೆ ಬರೆದು ಮನೆಯಲ್ಲಿ ತೋರಿಸಿದಾಗ, ಆ ಊರಿನ ಶ್ರಾದ್ಧ ಯಾವತ್ತು, ಊಟಕ್ಕೆ ಎಷ್ಟು ಜನ ಎಂಬ ಪ್ರಶ್ನೆ ಬಂತು. ನಗೆಯ ಮಾತು ಹಾಗಿರಲಿ, ಪಂಚಾಂಗ ನೋಡಬಲ್ಲ ಓದುಗನಿಗೆ ಆಗುವ ತಪ್ಪು ತಿಳಿವಳಿಕೆ ಇದಕ್ಕಿಂತ ದೊಡ್ಡದು.

ಪಂಚಾಂಗದ ತಿಥಿ ಸೂರ್ಯ ಚಂದ್ರರ ನಡುವಿನ ಅಂತರ 12 ಅಂಶ ಹೆಚ್ಚಲು ಹಿಡಿಯುವ ಕಾಲ. ಚಂದ್ರನ ವೇಗ ಒಂದೇ ಸಮನಾಗಿಲ್ಲದ ಕಾರಣ ಅದು ಒಮ್ಮೆ ಸುಮಾರು 20 ಗಂಟೆಗೇ ಮುಗಿಯುತ್ತದೆ, ಇನ್ನೊಮ್ಮೆ 26 ಗಂಟೆಯನ್ನೂ ದಾಟುತ್ತದೆ. ಸೂರ್ಯೋದಯಕ್ಕೆ ಸಿಕ್ಕದೆ ಹೋದದ್ದು ಕ್ಷಯತಿಥಿ, ಎರಡು ಸೂರ್ಯೋದಯಗಳನ್ನು ಕಂಡದ್ದು ವೃದ್ಧಿ. ತಿಥಿ ಎಂದೊಡನೆ ನಮಗೆ ನೆನಪಾಗುವುದೇ ಈ ಏರಿಳಿತ. ಬ್ಯಾಬಿಲೋನಿನ ಪಾಲಿನಲ್ಲಿ ಅದು ಇಲ್ಲವೇ ಇಲ್ಲ. ಅದು ಸರಾಸರಿ ಚಾಂದ್ರಮಾಸವನ್ನು ಮೂವತ್ತರಿಂದ ಭಾಗಿಸಿದಾಗ ಬರುವ ಸುಮಾರು 23 ಗಂಟೆ 37 ನಿಮಿಷದ ಸ್ಥಿರವಾದ ಅಳತೆ.

ಅವರಿಗೆ ಅದು ಬೇಕಾದದ್ದು ಏಕೆಂದು ನೋಡಿದರೆ ಪದದ ಸಮಸ್ಯೆ ಇನ್ನಷ್ಟು ತಿಳಿಯಾಗುತ್ತದೆ. ಅವರ ತಿಂಗಳು ಸಂಜೆಯ ಬಾನಿನಲ್ಲಿ ಎಳೆಚಂದ್ರ ಮೊದಲ ಬಾರಿ ಕಂಡಾಗ ತೊಡಗುತ್ತಿತ್ತು; ಆದ್ದರಿಂದ ಒಂದು ತಿಂಗಳಿಗೆ 29 ದಿನ, ಇನ್ನೊಂದಕ್ಕೆ 30. ಹತ್ತಾರು ವರ್ಷ ಮುಂದಿನ ಗುರುಗ್ರಹದ ಉದಯಗಳನ್ನು (ಸೂರ್ಯನ ಬೆಳಕಿನಲ್ಲಿ ಮರೆಯಾಗಿದ್ದ ಗ್ರಹ ಮುಂಜಾನೆ ಮತ್ತೆ ಮೊದಲ ಸಲ ಕಾಣುವುದನ್ನು) ಒಂದಾದ ಮೇಲೊಂದರಂತೆ ಲೆಕ್ಕ ಹಾಕುವವನಿಗೆ, ನಡುವಿನ ಯಾವ ತಿಂಗಳು 29, ಯಾವುದು 30 ಎಂದು ಪ್ರತಿಸಲ ಗೊತ್ತುಪಡಿಸುವುದು ಆಗದ ಕೆಲಸ. ಎಲ್ಲ ತಿಂಗಳುಗಳಿಗೂ ಮೂವತ್ತು ಸಮಪಾಲು ಎಂದಿಟ್ಟುಕೊಂಡರೆ ಈ ಗೋಜೇ ಇರುವುದಿಲ್ಲ. ಗುರುವಿನ ಫಲಕಗಳ ಒಂದು ಕ್ರಮದಲ್ಲಿ, ಗ್ರಹ ಎರಡು ಉದಯಗಳ ನಡುವೆ ರಾಶಿಚಕ್ರದಲ್ಲಿ 30 ಅಂಶ ಸರಿಯುವ ಭಾಗಕ್ಕೆ ಹಿಡಿಯುವ ಕಾಲ 12 ತಿಂಗಳು ಮತ್ತು 42;5,10 ಪಾಲು; 36 ಅಂಶ ಸರಿಯುವ ಭಾಗಕ್ಕೆ 12 ತಿಂಗಳು ಮತ್ತು 48;5,10 ಪಾಲು. ಅರ್ಧವಿರಾಮದ ಮುಂದಿರುವ 5 ಅರುವತ್ತನೆಯ ಭಾಗಗಳು, 10 ಅದರ ಅರುವತ್ತನೆಯ ಭಾಗಗಳು. ಗಳಿಗೆ, ವಿಗಳಿಗೆ ಬರೆದು ರೂಢಿಯಿರುವ ಕೈಗೆ ಇದನ್ನು ಓದುವುದು ಕಷ್ಟವಲ್ಲ. ಕೊನೆಯಲ್ಲಿ ಬಂದ ಪಾಲನ್ನೇ ಅವರು ತಿಂಗಳ ತಾರೀಖೆಂದು ತೆಗೆದುಕೊಳ್ಳುತ್ತಿದ್ದರು. ಗ್ರಹದ ಉದಯವನ್ನು ಕಣ್ಣಿಂದ ನೋಡಿ ಹೇಳುವಾಗ ಒಂದು ದಿನ ಹಿಂದುಮುಂದಾದರೆ ದೋಷವಿಲ್ಲ.

ಹಾಗೆಂದು ‘ತಿಥಿ’ಯನ್ನು ಬಿಟ್ಟೇಬಿಡಬೇಕೆಂದೂ ಹೇಳುವಂತಿಲ್ಲ, ಏಕೆಂದರೆ ನಮ್ಮಲ್ಲಿಯೂ ಮೊದಲು ಇದ್ದದ್ದು ಸರಾಸರಿಯ ತಿಥಿಯೇ. ವೇದಾಂಗ ಜ್ಯೋತಿಷದ ಐದು ವರ್ಷದ ಯುಗದಲ್ಲಿ 62 ಚಾಂದ್ರಮಾಸಗಳು, 1830 ದಿನಗಳು, ತಿಥಿಗಳು 1860. ಅಂದರೆ ಅಲ್ಲಿಯ ತಿಥಿ ದಿನದ 62 ಪಾಲುಗಳಲ್ಲಿ 61, ಪ್ರತಿಸಲವೂ ಅಷ್ಟೇ. ಇದೇ ಗ್ರಂಥ ಅತಿ ದೀರ್ಘ ಹಗಲಿಗೆ 18 ಮುಹೂರ್ತ, ಅತಿ ಚಿಕ್ಕದಕ್ಕೆ 12 ಎನ್ನುತ್ತದೆ. 18 ಮುಹೂರ್ತವೆಂದರೆ 14 ಗಂಟೆ 24 ನಿಮಿಷ, ಬೆಂಗಳೂರಿನ ಹಗಲು ಜೂನಿನಲ್ಲಿಯೂ 13 ಗಂಟೆ ಮುಟ್ಟುವುದಿಲ್ಲ. ಈ 3:2ರ ಅನುಪಾತ ಬ್ಯಾಬಿಲೋನಿನ ಗಣಿತದಲ್ಲಿಯೂ ಇದೆ. ಇವೆರಡನ್ನೂ ಜೊತೆಗಿಟ್ಟು ಡೇವಿಡ್ ಪಿಂಗ್ರೀ 1973ರಲ್ಲಿ ವೇದಾಂಗ ಜ್ಯೋತಿಷದ ಮೂಲ ಮೆಸೊಪೊಟೇಮಿಯದಲ್ಲಿದೆ ಎಂದು ವಾದಿಸಿದರು; ಯುಕಿಯೊ ಓಹಾಶಿ ಮೊದಲಾದವರು, ಉತ್ತರ ಭಾರತದ ಹಗಲನ್ನು ಅಳೆದರೂ ಆ ಅನುಪಾತ ದೊರೆಯಬಲ್ಲದು ಎಂಬ ನೆಲೆಯಿಂದ ಅದನ್ನು ಒಪ್ಪಲಿಲ್ಲ. ಹೀಗೆ ಯಾರು ಯಾರಿಂದ ಪಡೆದರೆಂಬ ವಾದ ನಡೆದಿರುವಾಗ, ಎರಡಕ್ಕೂ ಒಂದೇ ಹೆಸರಿಟ್ಟರೆ ಓದುಗ ತಾನೇ ತೀರ್ಪು ಕೊಟ್ಟುಬಿಡುತ್ತಾನೆ. ಬ್ಯಾಬಿಲೋನಿನವರೂ ತಿಥಿ ಎನ್ನುತ್ತಿದ್ದರಂತೆ, ಹಾಗಾದರೆ ಇಲ್ಲಿಂದಲೇ ಹೋಗಿರಬೇಕು ಎಂಬ ಮಾತು ಹುಟ್ಟಲು ಒಂದು ಸಾಲು ಸಾಕು.

ನಾನು ತೂಗಿ ನೋಡಿದ ಪದಗಳಲ್ಲಿ ‘ಮಾಸಾಂಶ’ ಚಿಕ್ಕದಾಗಿದೆ, ಆದರೆ ‘ಅಂಶ’ ಎಂಬುದು ಕೋನದ ಅಳತೆಯೂ ಆದ್ದರಿಂದ ಒಂದೇ ವಾಕ್ಯದಲ್ಲಿ ಎರಡೂ ಬಂದಾಗ ಎಡವುತ್ತದೆ. ಸಿದ್ಧಾಂತ ಜ್ಯೋತಿಷದ ‘ಮಧ್ಯಮ ತಿಥಿ’ ಅರ್ಥದ ಮಟ್ಟಿಗೆ ನಿಖರ; ಆದರೆ ‘ಮಧ್ಯಮ’ ಎಂದರೆ ಇಂದಿನ ಓದುಗನಿಗೆ ಮಧ್ಯಮ ವರ್ಗ, ಮಧ್ಯಮ ಗಾತ್ರ, ಮೇಲಾಗಿ ತಿಥಿಯೆಂಬ ಹೆಸರು ಉಳಿದೇ ಉಳಿಯುತ್ತದೆ. ಸದ್ಯಕ್ಕೆ ನನ್ನ ಒಲವು ‘ತಿಂಗಳ ಪಾಲು’ ಎಂಬುದರ ಕಡೆಗಿದೆ: ಮೊದಲ ಸಲ ‘ತಿಂಗಳ ಮೂವತ್ತನೆಯ ಪಾಲು’ ಎಂದು ಬಿಡಿಸಿ ಬರೆದು, ಇದನ್ನೇ ಇತಿಹಾಸಕಾರರು ತಿಥಿ ಎನ್ನುತ್ತಾರೆಂದು ಒಮ್ಮೆ ಸೂಚಿಸಿ, ಬಳಿಕ ‘ಪಾಲು’ ಎಂದಷ್ಟೇ ಮುಂದುವರಿಸುವುದು. ಮೇಲೆ ಗುರುವಿನ ಲೆಕ್ಕ ಹೇಳುವಾಗ ಹಾಗೆಯೇ ಮಾಡಿದ್ದೇನೆ. ಓದಲು ಅಡ್ಡಿಯಾಯಿತೇ ಎಂಬುದನ್ನು ತಿಳಿಸಬೇಕು.

ಇದೇ ಲೇಖನದ ‘ಸಾರೋಸ್’ ವಿಷಯದಲ್ಲಿ ನನಗೆ ಇಷ್ಟು ಅಳುಕಿಲ್ಲ. 223 ಚಾಂದ್ರಮಾಸಗಳ ಆ ಗ್ರಹಣಾವರ್ತನೆಯನ್ನು ಬ್ಯಾಬಿಲೋನಿನವರು ಸುಮ್ಮನೆ ‘18 ವರ್ಷ’ ಎನ್ನುತ್ತಿದ್ದರು. ಅವರ ‘ಶಾರ್’ ಎಂದರೆ 3600 ಎಂಬ ಸಂಖ್ಯೆ, ಅದನ್ನು ಗ್ರಹಣಕ್ಕೆ ತಗಲಿಸಿದ್ದು 1691ರಲ್ಲಿ ಎಡ್ಮಂಡ್ ಹ್ಯಾಲಿ. ತಪ್ಪಾದರೂ ಜಗತ್ತೆಲ್ಲ ಒಪ್ಪಿದ ಹೆಸರು, ನಮ್ಮಲ್ಲಿ ಬೇರೆ ಅರ್ಥವೂ ಇಲ್ಲ, ಹಾಗೆಯೇ ಇರಲಿ.

ಉಳಿದದ್ದು ಒಂದೇ ಪ್ರಶ್ನೆ. ಪಂಚಾಂಗ ಗುಣಿಸುವ ಮನೆತನಗಳಲ್ಲಿ, ಸಂಸ್ಕಾರ ಕೊಟ್ಟು, ಅಂದರೆ ತಿದ್ದುಪಡಿ ಮಾಡಿ, ಸ್ಪಷ್ಟ (ನಿಜವಾದ) ತಿಥಿಯನ್ನು ಪಡೆಯುವುದಕ್ಕೆ ಮೊದಲಿನ ಈ ಸರಾಸರಿ ತಿಥಿಗೆ ಕನ್ನಡದ ಆಡುಮಾತಿನ ಹೆಸರೊಂದು ಬಳಕೆಯಲ್ಲಿದೆಯೇ? ಇದ್ದರೆ ‘ಪಾಲು’ ಎಂಬುದನ್ನು ಹೊಡೆದುಹಾಕಿ ಅದನ್ನೇ ಬರೆಯುತ್ತೇನೆ.